ಸೇಸಮ್ಮ ಒಗೆಯದೆ ತಂದ ಪಂಚೆಗಳು

ಸೇಸಮ್ಮ ಪ್ರತಿ ಬಟ್ಟೆಯನ್ನೂ ಒಗೆಯುವ ಮೊದಲು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂದು ಅವಳಿಗೆ ಅದರಲ್ಲೇ ಗೊತ್ತಾಗುತ್ತಿತ್ತು. ಆದರೆ ಒಂದು ಮನೆಯ ಸುದ್ದಿ ಇನ್ನೊಂದು ಮನೆಗೆ ದಾಟುತ್ತಿರಲಿಲ್ಲ. “ಕಲೆ ಹಳ್ಳಕ್ಕೆ, ಮಾತು ಹೊಟ್ಟೆಗೆ” ಎನ್ನುತ್ತಿದ್ದಳು.

ಮಕ್ಕಳೇ, ಎಪ್ಪತ್ತರ ದಶಕದ ಕೊನೆಯಲ್ಲಿ ನಿಮ್ಮ ಅಜ್ಜ ಕೊಪ್ಪದಲ್ಲಿ ಗುಮಾಸ್ತರಾಗಿದ್ದಾಗ ಅವಳು ನಮ್ಮ ಮಡಿವಾಳ್ತಿ. ನಮಗಿನ್ನೂ ಮಕ್ಕಳಾಗಿರಲಿಲ್ಲ. ನನಗೆ ಬಿಳಿಸೆರಗು ಹೆಚ್ಚಾಗಿ ಕಿಬ್ಬೊಟ್ಟೆ ನೋಯುತ್ತಿತ್ತು. ನಾಚಿಕೆಗೆ ಲಂಗಗಳನ್ನು ಗಂಟಿಗೆ ಹಾಕದೆ ಬಚ್ಚಲಲ್ಲೇ ತೊಳೆದು, ಕತ್ತಲ ಕೋಣೆಯಲ್ಲಿ ಒಣಗಿಸುತ್ತಿದ್ದೆ.

“ಸೀರೆ ಬತ್ತವೆ, ಲಂಗ ಬರಲ್ಲ. ಎಂತ ಮುಚ್ಚಿಡ್ತೀರಿ ಅಮ್ಮ?” ಎಂದಳು ಸೇಸಮ್ಮ.

ನಾನು ಅತ್ತುಬಿಟ್ಟೆ. ಮರುದಿನ ಅವಳೇ ಲೇಡಿ ಡಾಕ್ಟರ ಬಳಿ ಕರೆದೊಯ್ದಳು. ಗರ್ಭಕೋಶದ ಬಾಯಿಯ ಒಳಪೊರೆ ಸೋಂಕಿನಿಂದ ಕೆಂಪಾಗಿ ಊದಿದೆ, ಹಾಗೇ ಬಿಟ್ಟರೆ ಒಳಗೆ ಏರಿ ಮಕ್ಕಳಾಗುವುದೇ ಕಷ್ಟವಾದೀತು, ಗಂಡನೂ ಮಾತ್ರೆ ನುಂಗಬೇಕು ಎಂದರು ಡಾಕ್ಟರು. ನಿಮ್ಮ ಅಜ್ಜ ನಕ್ಕು, ತಮ್ಮ ಪೊಟ್ಟಣವನ್ನು ಗೂಡಿನಲ್ಲಿಟ್ಟರು. ನಾನು ಒಬ್ಬಳೇ ನುಂಗಿದೆ. ತಿಂಗಳೊಳಗೆ ನೋವು ಮರಳಿತು, ಲಂಗಗಳು ಮತ್ತೆ ಬಚ್ಚಲಿಗೆ ಹೋದವು. ಯಾಕೆಂದು ಸೇಸಮ್ಮ ಕೇಳಿದಾಗ ಗೂಡಿನಲ್ಲಿದ್ದ ಅಜ್ಜನ ಪೊಟ್ಟಣ ತೋರಿಸಿದೆ.

ಮುಂದಿನ ಸೋಮವಾರ ಸೇಸಮ್ಮ ನನ್ನ ಸೀರೆಗಳನ್ನು ಮಡಿಸಿ ತಂದಳು. ಅಜ್ಜನ ಪಂಚೆಗಳನ್ನು ಮಾತ್ರ ಕೊಟ್ಟ ಹಾಗೇ ತಂದು ಜಗಲಿಯ ಮೇಲಿಟ್ಟಳು. ಇಸ್ತ್ರಿಯಿಲ್ಲದೆ ಕಚೇರಿಯ ಮೆಟ್ಟಿಲು ಹತ್ತದ ಮನುಷ್ಯ ಅವರು.

“ಏನಿದು?” ಎಂದು ಗದರಿದರು.

“ಒಗೆದ ಬಟ್ಟೇನ ಒಗೀದಿದ್ದರ ಜತೆ ಗಂಟು ಕಟ್ಟಿದ್ರೆ ಒಗೆದದ್ದು ದಂಡ ಅಯ್ಯಾ. ನೀವು ಮಾತ್ರೆ ನುಂಗಿ, ನಾನು ಪಂಚೆ ಒಗೀತೀನಿ.”

ಬೇರೆಯವರಿಗೆ ಕೊಡುತ್ತೇನೆ ಎಂದರು ಅಜ್ಜ.

“ಕೊಡಿ. ಸೇಸಿ ಯಾಕೆ ಬಿಟ್ಲು ಅಂತ ಅವರು ಕೇಳ್ತಾರೆ. ನಾನಂತೂ ಹೇಳಲ್ಲ, ನೀವೇ ಹೇಳಿ.”

ಎರಡು ದಿನ ಮುದುಡಿದ ಪಂಚೆಯಲ್ಲೇ ಕಚೇರಿಗೆ ಹೋದರು. ಮೂರನೆಯ ದಿನ ತಾವೇ ನನ್ನ ಜತೆ ಡಾಕ್ಟರ ಬಳಿ ಬಂದರು. ಈ ಸಲ ಇಬ್ಬರೂ ಒಂದೇ ಚೊಂಬಿನ ನೀರಲ್ಲಿ ಮಾತ್ರೆ ನುಂಗಿದೆವು. ಎರಡು ವರ್ಷದೊಳಗೆ ನಿಮ್ಮ ಅಪ್ಪ ಹುಟ್ಟಿದ.

ಅಜ್ಜನಿಗೆ ನರಸಿಂಹರಾಜಪುರಕ್ಕೆ ವರ್ಗವಾದಾಗ ಸೇಸಮ್ಮ ಬಸ್‌ಸ್ಟ್ಯಾಂಡಿಗೆ ಬಂದಿದ್ದಳು. ಮಗುವಿನ ಬಟ್ಟೆಯೊಂದನ್ನು ಬಿಸಿಲಿಗೆ ಹಿಡಿದು ನೋಡಿ, ನನ್ನ ಕೈಗೆ ಕೊಟ್ಟಳು.

“ಲಂಗ ಹೊರಗೆ ಒಣಗಿಸಿ ಅಮ್ಮ” ಎಂದಳು.

ಮತ್ತೆ ಅವಳನ್ನು ನೋಡಲಿಲ್ಲ. ಹೊಸ ಊರಿನ ಬಾಡಿಗೆ ಮನೆಯಲ್ಲಿ ಒಲೆ ಹಚ್ಚುವ ಮೊದಲೇ ಅಂಗಳಕ್ಕೆ ತಂತಿ ಕಟ್ಟಿದೆ. ನನ್ನ ಲಂಗವನ್ನು ಸೀರೆಯಡಿ ಮರೆಮಾಡದೆ ಬಿಸಿಲಿಗೆ ಹರವಿದೆ.