ಲಾಲಪ್ಪನ ಮಿಕ್ಸರಿಗೆ ಹಚ್ಚಿದ ಕೆಂಪು ಬಣ್ಣ

ಪುಣೆಯ ಬಿಬವೇವಾಡಿಯ ನಮ್ಮ ಮನೆಗಳ ಸಾಲಿನಲ್ಲಿ ಲಾಲಪ್ಪನಷ್ಟು ಹೊಟ್ಟೆಕಿಚ್ಚಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ. ಅವನ ಹೆಂಡತಿ ತಿಪ್ಪವ್ವ ನಲ್ಲಿಯ ಹತ್ತಿರ ಎಲ್ಲರೆದುರಿಗೇ ಹೇಳುತ್ತಿದ್ದಳು. ಪಕ್ಕದ ಮನೆಯ ಒಲೆ ತಮ್ಮ ಮನೆಯದಕ್ಕಿಂತ ಮೊದಲು ಹೊತ್ತಿಕೊಂಡರೂ ಅವನಿಗೆ ಸಂಕಟ. ಆದರೆ ಓಣಿಯವರ ಮೇಲಿನ ಕಿಚ್ಚು ಚಿಲ್ಲರೆಯದು. ಇಡಿಯಾಗಿ ಕಾದಿಟ್ಟಿದ್ದು ಷಡ್ಡಕ ಶಂಕ್ರೆಪ್ಪನಿಗೆ, ಅಂದರೆ ತಿಪ್ಪವ್ವನ ತಂಗಿ ಸಕ್ಕುಬಾಯಿಯ ಗಂಡನಿಗೆ.

ಇಬ್ಬರೂ ಯಾದಗಿರಿ ಕಡೆಯಿಂದ ಬಂದು ಪುಣೆಯಲ್ಲಿ ಗಾರೆಯ ಬುಟ್ಟಿ ಹೊತ್ತವರೇ. ಎಂಬತ್ತರ ಇಸವಿಯ ಹೊತ್ತಿಗೆ ಇಬ್ಬರೂ ಒಂದೊಂದು ಮಿಕ್ಸರ್ ಮಾಡಿಕೊಂಡಿದ್ದರು. ಸಿಮೆಂಟು, ಮರಳು, ಖಡಿ ಕಲಸುವ ದೊಡ್ಡ ಡ್ರಮ್ಮು, ಅದನ್ನು ತಿರುಗಿಸಲು ಒಂದು ಡೀಸೆಲ್ ಇಂಜಿನ್ನು. ಕೆಲಸವಿಲ್ಲದ ದಿನ ಅವು ಅವರ ಎದುರುಬದುರು ಮನೆಗಳ ಮುಂದೆ ನಿಂತಿರುತ್ತಿದ್ದವು. ಲಾಲಪ್ಪನದು ಮೊದಲು ಬಂದದ್ದು, ಆದ್ದರಿಂದ ಹಳೆಯದು. ಶಂಕ್ರೆಪ್ಪನದು ಹ್ಯಾಂಡಲ್ ಒಮ್ಮೆ ತಿರುವಿದರೆ ಚಾಲೂ ಆಗುತ್ತಿತ್ತು. ಲಾಲಪ್ಪ ಬೆವರು ಒರೆಸಿಕೊಳ್ಳುತ್ತ ಮತ್ತೆ ಮತ್ತೆ ತಿರುವುವಾಗ ಎದುರಿನಿಂದ ಆ ಟಕಟಕ ಸದ್ದು ಕೇಳಿಬಂತೆಂದರೆ ಅವನ ಮುಖ ನೋಡುವಂತಿರಲಿಲ್ಲ.

ಆ ವರ್ಷದ ಖಂಡೇನವಮಿ ಬಂತು. ದುಡಿಯುವ ಸಾಮಾನಿಗೆಲ್ಲ ಪೂಜೆ ಮಾಡುವ ದಿನ. ಶಂಕ್ರೆಪ್ಪ ತನ್ನ ಇಂಜಿನ್ನಿಗೆ ಹಸಿರು ಬಣ್ಣ ಹಚ್ಚಿದ್ದಾನೆಂದು ತಿಳಿದದ್ದೇ ತಡ, ಲಾಲಪ್ಪ ಕೆಂಪು ಬಣ್ಣದ ದೊಡ್ಡ ಡಬ್ಬಿ ತಂದ. ಒಂದು ಕೈ ಹಚ್ಚಿದ, ಎರಡನೇ ಕೈ ಹಚ್ಚಿದ, ಎದುರು ಮನೆ ಕಡೆ ನೋಡಿ ಮೂರನೇ ಕೈಯನ್ನೂ ಬಳಿದ. ನಟ್ಟು ಬೋಲ್ಟು ಒಂದನ್ನೂ ಬಿಡಲಿಲ್ಲ. ಮೇಲೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಅಂದು ಪ್ರಸಾದಕ್ಕೆ ಬಂದವರೆಲ್ಲ ಕೆಂಪು ಮಿಕ್ಸರನ್ನೇ ಹೊಗಳಿದರು, ಲಾಲಪ್ಪ ಹೊಟ್ಟೆ ತುಂಬ ಉಂಡ.

ಹಬ್ಬ ಕಳೆದು ಕೆಲಸಕ್ಕೆ ಹಚ್ಚಿದಾಗ ಇಂಜಿನ್ನು ಎಣ್ಣೆ ಸೋರತೊಡಗಿತು. ಮೊದಲು ಹನಿಹನಿ, ಆಮೇಲೆ ಧಾರೆ.

ಅದೇ ವಾರ ಕಂತ್ರಾಟುದಾರ ಸಿದ್ದಲಿಂಗಪ್ಪ ಮನೆಗೆ ಬಂದ. ಪುಣೆ ಹತ್ತಿರದ ನಿಗಡಿಯಲ್ಲಿ ಅವನ ದೊಡ್ಡ ಕಟ್ಟಡ ಏಳುತ್ತಿತ್ತು. ಸ್ಲ್ಯಾಬ್ ಹಾಕುವ ದಿನ ಮಿಕ್ಸರು ನಡುವೆ ನಿಲ್ಲುವಂತಿಲ್ಲ. ನಿಂತರೆ ಹಳೆಯ ಗಾರೆ ಗಟ್ಟಿಯಾಗಿ, ಹೊಸದು ಅದಕ್ಕೆ ಕೂಡದೆ, ಮಳೆಗಾಲದಲ್ಲಿ ಅಲ್ಲೇ ನೀರು ಇಳಿಯುತ್ತದೆ. ಸಿದ್ದಲಿಂಗಪ್ಪ ನೆಲದ ಮೇಲಿನ ಕರಿ ಮಡುವನ್ನು ನೋಡಿದ.

"ಲಾಲಪ್ಪ, ಇದು ಸೋರೂದು ನಿಂತ್ರ ಕೆಲಸ ನಿಂದು. ಇಲ್ಲಂದ್ರ ಸೋಮವಾರ ಶಂಕ್ರೆಪ್ಪನ ಮಷೀನ್ ಒಯ್ತೀನಿ. ಆಮ್ಯಾಲ ಬ್ಯಾಸರ ಮಾಡ್ಕೋಬ್ಯಾಡ."

"ನಿಲ್ಲಸ್ತೀನ್ರಿ. ಅವನ ಮಷೀನ್ ಯಾಕ ಬೇಕ್ರಿ ನಿಮಗ?" ಎಂದ ಲಾಲಪ್ಪ. ಕೆಲಸ ಹೋದರೆ ಸಹಿಸಿಯಾನು, ಅದು ಎದುರು ಮನೆಗೆ ಹೋಗುವುದನ್ನು ಸಹಿಸುವುದು ಅವನಿಂದಾಗದು.

ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಬೋಲ್ಟು ತಿರುವುವ ಪಾನಾ ಹಿಡಿದು ಕುಳಿತ. ತಿಪ್ಪವ್ವನ ಸೀರೆ ಡಬ್ಬಿಯ ರಟ್ಟನ್ನು ಕತ್ತರಿಸಿ ಇಂಜಿನ್ನಿನ ಬದಿಯ ಬಾಗಿಲಿಗೆ ಹೊಸ ಪ್ಯಾಕಿಂಗ್ ಮಾಡಿದ. ಅಲ್ಲಿ ಸೋರುವುದು ನಿಂತು, ಎಣ್ಣೆ ಇಂಜಿನ್ನಿನ ಚಕ್ರದ ಕಡೆಯಿಂದ ಬಂತು. ಪೇಟೆಗೆ ಹೋಗಿ ಎಣ್ಣೆ ತಡೆಯುವ ಹೊಸ ಸೀಲ್ ತಂದು ಕೂಡಿಸಿದ. ಅಲ್ಲಿ ಕಡಿಮೆಯಾಗಿ ಇನ್ನೊಂದು ಸಂದಿನಿಂದ ಇಳಿಯಿತು. ಬೋಲ್ಟುಗಳನ್ನು ಹಲ್ಲು ಕಚ್ಚಿ ಬಿಗಿದ. ಬಿಗಿದಷ್ಟೂ ಸೋರಿತು.

"ಯಾರದೋ ಕಣ್ಣು ಬಿದ್ದದ ಇದಕ್ಕ," ಎಂದು ಎದುರು ಮನೆಗೆ ಕೇಳುವಂತೆ ಕೂಗಿದ.

"ಬೀಳೂಹಂಗ ಮೂರು ಕೈ ಬಣ್ಣ ಬಳದವರು ಯಾರ್ರೀ?" ಎಂದಳು ತಿಪ್ಪವ್ವ.

ಅಷ್ಟರಲ್ಲಿ ಶಂಕ್ರೆಪ್ಪನೇ ದಾಟಿ ಬಂದ. "ಅಣ್ಣಾ, ಯಾಕ ಒದ್ದಾಡ್ತಿ? ನಿಗಡಿಗೆ ನನ್ನ ಮಷೀನ್ ಒಯ್ಯಿ. ಕೆಲಸ ನಿನ್ನ ಹೆಸರಿಗೇ ಇರ್ಲಿ."

ಬೈದಿದ್ದರೆ ಲಾಲಪ್ಪ ತಿರುಗಿ ಬೈಯುತ್ತಿದ್ದ, ಹಗುರಾಗುತ್ತಿದ್ದ. ಈ ಒಳ್ಳೆಯತನ ಅವನ ಮೈಯೆಲ್ಲ ಉರಿಸಿತು. ಮಷೀನೂ ಒಳ್ಳೆಯದು, ಮನಸ್ಸೂ ಒಳ್ಳೆಯದು, ಎರಡೂ ಅವನಿಗೇ ಯಾಕೆ ಕೊಟ್ಟ ದೇವರು? "ನಿಂದು ನಿನ್ನ ಅಂಗಳದಾಗ ಇರ್ಲಿ," ಎಂದು ಹ್ಯಾಂಡಲ್ ತೆಗೆದುಕೊಂಡು ಸಿಟ್ಟಿನಿಂದ ತಿರುವಿದ. ಶಂಕ್ರೆಪ್ಪ ತಿರುಗಿ ತನ್ನ ಮನೆಗೆ ಹೋದ.

ಇಂಜಿನ್ನು ಚಾಲೂ ಆಯಿತು. ಎಣ್ಣೆ ಎಷ್ಟು ಉಳಿದಿದೆಯೋ ಎಂಬ ಚಿಂತೆಯಲ್ಲಿ ಲಾಲಪ್ಪ ಅದನ್ನು ನಿಲ್ಲಿಸಬೇಕೆಂಬುದನ್ನೂ ಮರೆತು, ಅಳತೆ ನೋಡುವ ಕಡ್ಡಿಯನ್ನು ಎಳೆದ. ಭುಸ್ಸೆಂದು ಬಿಸಿ ಹವಾ ಎಣ್ಣೆಯ ಸಮೇತ ಮುಖಕ್ಕೆ ಹೊಡೆಯಿತು. ತಿಪ್ಪವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವನು ಕಣ್ಣು ಒರೆಸಿಕೊಂಡು ನೋಡುತ್ತಾನೆ, ಸಂದಿನಿಂದ ಇಳಿಯುತ್ತಿದ್ದ ಎಣ್ಣೆ ಕಡಿಮೆಯಾಗಿದೆ. ಕಡ್ಡಿಯನ್ನು ತಿರುಗಿ ಇಟ್ಟ, ಮತ್ತೆ ಇಳಿಯಿತು.

ಹವಾ ಒಳಗೆ ತುಂಬಿಕೊಂಡು ಸಿಕ್ಕ ಸಂದಿನಿಂದ ಎಣ್ಣೆಯನ್ನು ದೂಡುತ್ತಿದೆ ಎಂದು ಆಗ ಹೊಳೆಯಿತು. ಆ ಹವಾ ಹೊರಗೆ ಹೋಗಲೆಂದೇ ಇಂಜಿನ್ನಿನ ಬದಿಗೆ ಒಂದು ತಗಡಿನ ಟೊಪ್ಪಿಗೆ ಇರುತ್ತದೆ, ಅದರಲ್ಲಿ ಸಣ್ಣ ತೂತುಗಳು. ಇಂಜಿನ್ನು ನಿಲ್ಲಿಸಿ ಹುಡುಕಿದ. ಟೊಪ್ಪಿಗೆ ಇತ್ತು, ತೂತುಗಳಿರಲಿಲ್ಲ. ಉಗುರಿನಿಂದ ಕೆರೆದರೆ ಕೆಂಪು ಬಣ್ಣ, ಅದರ ಕೆಳಗೆ ಕೆಂಪು ಬಣ್ಣ, ಅದರ ಕೆಳಗೂ ಕೆಂಪು.

ತಿಪ್ಪವ್ವ ಒಳಗೆ ಹೋಗಿದ್ದಳು. ಲಾಲಪ್ಪ ಆಚೀಚೆ ನೋಡಿ, ಟೊಪ್ಪಿಗೆ ಬಿಚ್ಚಿ, ಡೀಸೆಲ್‌ನಲ್ಲಿ ಅದ್ದಿ ತಿಕ್ಕಿ, ತೂತುಗಳನ್ನು ಮೊಳೆಯಿಂದ ಬಿಡಿಸಿ, ಯಾರಿಗೂ ಕಾಣದಂತೆ ಕೂಡಿಸಿಬಿಟ್ಟ. ಎಣ್ಣೆ ಸೋರುವುದು ನಿಂತಿತು. ಕೇಳಿದವರಿಗೆಲ್ಲ, "ಬಾಂಬೆದಿಂದ ಸ್ಪೆಷಲ್ ಸೀಲ್ ತರಿಸೀನಿ, ಎಲ್ಲಾರಿಗೂ ಸಿಗೂದಲ್ಲ ಅದು," ಎಂದ. ನಿಗಡಿಯ ಸ್ಲ್ಯಾಬು ಎಲ್ಲೂ ನಿಲ್ಲದೆ ಮುಗಿಯಿತು. ಸಿದ್ದಲಿಂಗಪ್ಪ ಮುಂದಿನ ಕೆಲಸಗಳಿಗೂ ಕೆಂಪು ಮಿಕ್ಸರನ್ನೇ ಕರೆದ.

ಮರುವರ್ಷದ ಖಂಡೇನವಮಿಗೆ ಲಾಲಪ್ಪ ಬಾಗಿಲಿಗೆ ಬಂದು ನೋಡುತ್ತಾನೆ, ಎದುರಿಗೆ ಶಂಕ್ರೆಪ್ಪ ಕೆಂಪು ಬಣ್ಣದ ಡಬ್ಬಿ ತೆರೆದು ಕುಳಿತಿದ್ದಾನೆ. ಸುತ್ತಲೂ ಓಣಿಯ ಮಂದಿ. ಹಸಿರಿನ ಮೇಲೆ ಕೆಂಪು ಬಳಿಯುತ್ತ ಬ್ರಷ್ಷು ಆ ಟೊಪ್ಪಿಗೆಯ ಹತ್ತಿರ ಬರುತ್ತಿತ್ತು. ಲಾಲಪ್ಪನಿಗೆ ಮೊದಲು ಆದದ್ದು ಸಂತೋಷವೇ, ಸುಳ್ಳು ಯಾಕೆ ಹೇಳಬೇಕು. ಇನ್ನೆರಡು ಸಲ ಬ್ರಷ್ಷು ಎಳೆದರೆ ಮುಗಿಯಿತು. ಆದರೆ 'ಕೆಲಸ ನಿನ್ನ ಹೆಸರಿಗೇ ಇರ್ಲಿ' ಎಂದಿದ್ದ ಆ ಮಾತು ವರ್ಷವೆಲ್ಲ ಅವನ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿದಿತ್ತು. ದಾಟಿ ಹೋದ.

"ಶಂಕ್ರ್ಯಾ, ಅದಕ್ಕ ಹಚ್ಚಬ್ಯಾಡೋ."

ಶಂಕ್ರೆಪ್ಪ ತಲೆಯೆತ್ತಲಿಲ್ಲ. "ಯಾಕ ಅಣ್ಣಾ, ನನ್ನ ಮಷೀನ್ ಚಂದ ಕಂಡ್ರ ನಿನಗ ನಿದ್ದಿ ಬರೂದಿಲ್ಲೇನು?"

ಮಂದಿ ನಕ್ಕರು. ಲಾಲಪ್ಪನ ಮಾತನ್ನು ಯಾರು ನಂಬುತ್ತಾರೆ? ನಂಬಿಸಬೇಕಾದರೆ ಒಂದೇ ದಾರಿ ಇತ್ತು, ತನ್ನ ಗುಟ್ಟನ್ನು ತಾನೇ ಬಿಚ್ಚುವುದು. ಬ್ರಷ್ಷು ಟೊಪ್ಪಿಗೆಯ ಅಂಚನ್ನು ಮುಟ್ಟಿತು.

"ಹೋದ ವರ್ಷ ನಾನೇ ಮುಚ್ಚಿದ್ದೆ ನನ್ನ ತೂತು!" ಎಂದು ಕಿರುಚಿದ. "ನಿನ್ನಕಿಂತ ಚಂದ ಕಾಣ್ಲಿ ಅಂತ ಮೂರು ಕೈ ಬಳದು ಮುಚ್ಚಿದ್ದೆ. ಅದಕ್ಕೇ ಸೋರ್ತು. ಕೆರದು ತಗದೆ, ನಿಂತ್ತು."

ನಗುವವರೆಲ್ಲ ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ತಿಪ್ಪವ್ವ. ಶಂಕ್ರೆಪ್ಪ ಮಾತ್ರ ನಗಲಿಲ್ಲ. ಬ್ರಷ್ಷನ್ನು ಡಬ್ಬಿಯ ಮೇಲೆ ಇಟ್ಟು ಲಾಲಪ್ಪನ ಮುಖವನ್ನೇ ನೋಡಿದ.

"ಹಂಗಾರ ಬಾಂಬೆ ಸೀಲ್?"

"ಸುಳ್ಳು."

"ನಂದು ಸೋರ್ತಿರಲಿಲ್ಲ, ಏನಿಲ್ಲ. ಆದ್ರೂ ನಿನ್ನ ಕಡೆ ಅದ, ನನ್ನ ಕಡೆ ಇಲ್ಲಲ್ಲಾ ಅಂತ ಆ ಸೀಲ್ ಹುಡುಕ್ಕೋತ ಇಡೀ ಪುಣೆ ತಿರಗೀನಿ, ಅಣ್ಣಾ. ಒಂದು ಅಂಗಡಿ ಬಿಟ್ಟಿಲ್ಲ."

ಲಾಲಪ್ಪ ಶಂಕ್ರೆಪ್ಪನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು, ಟೊಪ್ಪಿಗೆಯ ಅಂಚಿಗೆ ತಗುಲಿದ್ದ ಹಸಿ ಬಣ್ಣವನ್ನು ತನ್ನ ಹೊಸ ಧೋತರದ ತುದಿಯಿಂದ ಒರೆಸಿದ.