ಮೊಮ್ಮಕ್ಕಳ ಕಾಲಕ್ಕೆ
ಬಡವ ಬಲ್ಲಿದರ ಅಂತರದ ಬಗ್ಗೆ ಊರೂರಿನಲ್ಲಿ ಭಾಷಣ ಮಾಡುವ ಯಜಮಾನರ ಮಾತೆಲ್ಲ ಅವರ ಮನೆಯ ಪಾತ್ರೆ ತೊಳೆಯುವ ಮುದುಕಮ್ಮನಿಗೆ ಬಾಯಿಪಾಠ. ಬೆಳಗ್ಗೆ ಎದ್ದವರೇ ಕನ್ನಡಿಯ ಮುಂದೆ ನಿಂತು, ಹಲ್ಲುಜ್ಜುವ ಬ್ರಷ್ಷನ್ನೇ ಮೈಕಿನಂತೆ ಹಿಡಿದು, ದೇಶದ ನೂರಾರು ವರ್ಷಗಳ ಅನ್ಯಾಯವನ್ನು ಜಾಲಾಡುತ್ತಾರೆ. ಒದ್ದೆ ಟವೆಲನ್ನು ಮಾತ್ರ ನಿಂತಲ್ಲೇ ಕೆಡವುತ್ತಾರೆ, ಅದು ತಾನಾಗಿ ನಡೆದುಹೋಗಿ ಹಗ್ಗದ ಮೇಲೆ ಒಣಗುತ್ತದೆಂದು ಅವರ ನಂಬಿಕೆ. ಹಸಿದವರ ಮಾತು ಬಂದಾಗ ಕಣ್ಣೊರೆಸಿಕೊಳ್ಳುತ್ತಾರೆ. ಆ ಕಣ್ಣೀರು ಸುಳ್ಳಲ್ಲ, ಮುದುಕಮ್ಮನ ಹೊಟ್ಟೆ ಉರಿಸುವುದೇ ಅದು. ಕೊನೆಗೆ ಯಾವಾಗಲೂ ಒಂದೇ ಮಾತು: "ನಮ್ಮ ಮೊಮ್ಮಕ್ಕಳ ಕಾಲಕ್ಕೆ ಮೇಲು ಕೀಳು ಇರೋದಿಲ್ಲ!" ಅವರ ತಂದೆಯೂ ಇದೇ ಹಜಾರದಲ್ಲಿ ಇದನ್ನೇ ಹೇಳುತ್ತಿದ್ದರು, ಆಗ ಪಾತ್ರೆಗೆ ಕೂತಿದ್ದವಳು ಮುದುಕಮ್ಮನ ಅತ್ತೆ. ಮೊನ್ನೆ ಮುದುಕಮ್ಮ ಸೊಂಟ ಹಿಡಿದುಕೊಂಡು ಏಳುವುದನ್ನು ಕಂಡ ಯಜಮಾನರು ಕನಿಕರದಿಂದ, "ಅಜ್ಜಿ, ನಿಮ್ ಕೈಲಿ ಇನ್ನು ಆಗಲ್ಲ. ಸೋಮವಾರದಿಂದ ಮೊಮ್ಮಗಳನ್ನ ಕಳಿಸಿಬಿಡಿ" ಎಂದರು. "ಅವಳು ಹೈಸ್ಕೂಲು ಓದ್ತಿದಾಳೆ ಯಜಮಾನ್ರೇ. ಮೊಮ್ಮಕ್ಕಳ ಕಾಲ ಬಂತಲ್ಲ, ನಿಮ್ಮ ಮೊಮ್ಮಗನ್ನೇ ಪಾತ್ರೆಗೆ ಕೂರಿಸಿ." ಯಜಮಾನರು ಸಿಟ್ಟಾಗಲಿಲ್ಲ. "ಆಹಾ, ಎಂಥಾ ಮಾತು!" ಎಂದು ಅದನ್ನು ಭಾಷಣದ ಹಾಳೆಯಲ್ಲಿ ಬರೆದುಕೊಂಡರು, ಆಮೇಲೆ ತಲೆಯೆತ್ತಿ, "ಅಂದಹಾಗೆ, ಸೋಮವಾರ ಎಷ್ಟೊತ್ತಿಗೆ ಬರ್ತಾಳೆ?" ಎಂದು ಕೇಳಿದರು. ಅತ್ತೆಯ ಸೊಂಟದಿಂದ ತನ್ನ ಸೊಂಟಕ್ಕೆ ಬಂದಿದ್ದ ಹಿತ್ತಿಲ ಬಾಗಿಲ ಬೀಗದ ಕೈಯನ್ನು ಮುದುಕಮ್ಮ ಬಿಚ್ಚಿ ಆ ಹಾಳೆಯ ಮೇಲಿಟ್ಟಳು. "ಅವಳು ಬರಲ್ಲ. ಇದನ್ನೂ ಬರ್ಕೊಳ್ಳಿ."