ಭಾನುವಾರ ಕೇಳಿದ ಹೃದಯ

ಫೂಸಿ ನನ್ನ ಗಂಡ ವಿಲಿಸೋನಿಯ ಅಕ್ಕ. ನಮ್ಮ ಟೋಂಗಾದಲ್ಲಿ ಸೊಸೆಯಾಗಿ ಬಂದವಳಿಗೆ ಅತ್ತೆಗಿಂತ ಗಂಡನ ಅಕ್ಕನೇ ದೊಡ್ಡವಳು. ಮನೆಯ ಒಳ್ಳೆಯ ಚಾಪೆ ಅವಳಿಗೆ, ಹಂದಿಯ ಒಳ್ಳೆಯ ತುಂಡು ಅವಳಿಗೆ, ನನ್ನ ಮಗಳ ಮದುವೆಯಲ್ಲೂ ಮೊದಲ ಮಾತು ಅವಳದೇ. ಹೊಸದರಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಆಮೇಲೆ, ಏನು ಮಾಡುವುದು, ಪ್ರೀತಿಯೂ ಹುಟ್ಟಿತು.

ಮರದ ತೊಗಟೆ ಬಡಿದು ಬಟ್ಟೆ ಮಾಡುವುದರಲ್ಲಿ ಅವಳನ್ನು ಮೀರಿಸುವವರು ವವಾವು ದ್ವೀಪದಲ್ಲೇ ಇರಲಿಲ್ಲ. ಹತ್ತು ಹೆಂಗಸರು ಸಾಲಾಗಿ ಕೂತು ಬಡಿಯುವಾಗ ಅವಳ ಕೊಡತಿಯ ಸದ್ದು ಬೇರೆಯೇ ಕೇಳುತ್ತಿತ್ತು. ಹಾಳು ಸಕ್ಕರೆ ಕಾಯಿಲೆ ಅವಳ ಬಲಗಾಲು ತೆಗೆಸಿತು. ನೆಲಕ್ಕೆ ಕೂರಲಾಗದವಳು ಏನು ಬಡಿದಾಳು? ಹಾಸಿಗೆಯಲ್ಲಿ ಮಲಗಿ ಬೇರೆಯವರ ಸದ್ದು ಕೇಳಿ ಅಳುತ್ತಿದ್ದಳು. ನೋಡಲಾರದೆ ಅವಳ ಫೋನಿಗೆ ನಾನೇ ಒಂದು ಆಟ ಹಾಕಿಕೊಟ್ಟೆ. ಮೂರು ಹಣ್ಣು ಒಂದೇ ಸಾಲಿಗೆ ತಂದರೆ ಅವು ಸಿಡಿದು ಮಾಯವಾಗುವ ಆಟ.

"ಥೂ, ಮಕ್ಕಳಾಟ," ಅಂದಳು ಬೆಳಿಗ್ಗೆ. ಸಂಜೆ ಹೋದರೆ ಕೂಗಾಟ: "ಒಂದೇ ಒಂದು ಮಾವಿನಹಣ್ಣು ಕಣೇ ಮಲಿಯಾ! ಅದೊಂದು ಬಿದ್ದಿದ್ರೆ ಗೆದ್ದುಬಿಡ್ತಿದ್ದೆ! ಕೈಗೆ ಬಂದ ತುತ್ತು ಬಾಯಿಗೆ ಬರಲ್ಲ ಅಂತಾರಲ್ಲ, ಹಾಗಾಯ್ತು!"

ಆ ಆಟದ ಕಳ್ಳತನವೇ ಅದು. ಪೂರ್ತಿ ಸೋಲಿಸುವುದಿಲ್ಲ, ಕೂದಲೆಳೆಯಲ್ಲಿ ಸೋಲಿಸುತ್ತದೆ. ಗೆದ್ದರೆ ಗಂಟೆ ಬಾರಿಸಿ ಭೇಷ್ ಅನ್ನುತ್ತದೆ. "ಇಷ್ಟು ವರ್ಷ ತೊಗಟೆ ಬಡಿದೆ, ನಿಮ್ಮಲ್ಲಿ ಯಾರಾದ್ರೂ ಒಂದು ದಿನ ಭೇಷ್ ಅಂದ್ರಾ?" ಎಂದು ನನ್ನನ್ನೇ ಚುಚ್ಚಿದಳು. ಐದು ಹೃದಯ ಕೊಟ್ಟಿರುತ್ತಾರೆ. ಸೋತಾಗಲೆಲ್ಲ ಒಂದು ಹೋಗುತ್ತದೆ. ಎಲ್ಲ ಮುಗಿದರೆ ಕಾಯಬೇಕು, ಇಲ್ಲವೇ ಆಟದ ಗೆಳೆಯರು ಯಾರಾದರೂ ಒಂದು ಕಳಿಸಬೇಕು. ಅವಳಿಗೆ ನಾನೊಬ್ಬಳೇ ಗೆಳತಿ. ದಿನವಿಡೀ ಹೃದಯ ಕೊಡು, ಹೃದಯ ಕೊಡು. ಸಾಕಾಗಿ ಗಂಡನ ಫೋನಿಗೂ ಅದನ್ನು ಹಾಕಿದೆ.

"ಅಕ್ಕನ ಜೊತೆ ಆಟವಾ? ನಿಂಗೇನು ತಲೆ ಕೆಟ್ಟಿದೆಯಾ?" ಎಂದು ಬೆಚ್ಚಿದ.

ಬೆಚ್ಚದೆ ಏನು? ನಮ್ಮಲ್ಲಿ ದೊಡ್ಡವರಾದ ಮೇಲೆ ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಕೂರುವುದಿಲ್ಲ, ನಗೆಚಾಟಿಕೆ ಮಾಡುವುದಿಲ್ಲ. ಅದೇ ಅಕ್ಕನಿಗೆ ಕೊಡುವ ಮರ್ಯಾದೆ. ಮೀಸೆ ಬಂದಾಗಿನಿಂದ ವಿಲಿಸೋನಿ ಅವಳ ಜೊತೆ ನೇರವಾಗಿ ಒಂದು ಮಾತೂ ಆಡಿದವನಲ್ಲ. ಏನಿದ್ದರೂ ನನ್ನ ಮೂಲಕ.

"ಮಾತಾಡು ಅಂದೆನಾ ನಾನು? ಬೆರಳಲ್ಲಿ ಒತ್ತು ಮಾರಾಯ, ಅಷ್ಟೇ," ಅಂದೆ.

ಒತ್ತಿದ. ಅಂದಿನಿಂದ ಮೀನು ಹಿಡಿದು ಬಂದವನು ಕೈ ತೊಳೆಯುವ ಮೊದಲೇ ಅಕ್ಕನಿಗೆ ಒಂದು ಹೃದಯ ಕಳಿಸುತ್ತಿದ್ದ. ಅಲ್ಲಿ ಅವಳ ಫೋನು ಹಕ್ಕಿಯ ಹಾಗೆ ಕೂಗುತ್ತಿತ್ತು. "ದಡ ಮುಟ್ಟಿದ ಕಣೇ ನನ್ನ ತಮ್ಮ," ಎನ್ನುತ್ತಿದ್ದಳು. "ಮುದುಕಿಗೆ ಹಣ್ಣಿನ ಹುಚ್ಚು," ಎಂದು ಪಾದ್ರಿಯ ಹೆಂಡತಿ ಆಡಿಕೊಂಡಳು. ಅವಳಿಗೇನು ಗೊತ್ತು! ಹಣ್ಣು ಹಿಡಿಸಿದ್ದು ಮೊದಲ ವಾರ. ಆಮೇಲೆ ಫೂಸಿ ಬೇಕೆಂದೇ ಸೋಲುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೊನೆಗೆ ಮೂತ್ರಪಿಂಡವೂ ಕೈಕೊಟ್ಟಿತು. ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಒಂದು ದಿನ ಫೂಸಿ ನನ್ನ ಕೈ ಹಿಡಿದು, "ಸಾಯೋಕೆ ಮುಂಚೆ ಅವನ ಬಾಯಲ್ಲಿ ಒಂದ್ಸಲ ಅಕ್ಕಾ ಅಂತ ಕೇಳ್ಬೇಕು ಅನ್ಸುತ್ತೆ ಕಣೇ," ಅಂದಳು.

ಅವನಿಗೆ ಹೇಳಿದೆ. "ಆಗಲ್ಲ ಮಲಿಯಾ. ಅಕ್ಕನ ಮರ್ಯಾದೆ ನಾನೇ ಕಳೀಲಾ?" ಅಂದ. ಶನಿವಾರವಿಡೀ ಅವಳ ಅಂಗಳದ ಹಲಸಿನ ಮರದಡಿ ಬಲೆ ಹೊಲಿಯುತ್ತಾ ಕೂತ. ಒಳಗೆ ಹೋಗಲಿಲ್ಲ.

ಮರುದಿನ ಭಾನುವಾರ. ಅಂದು ನಮ್ಮೂರಲ್ಲಿ ದೋಣಿ ಇಳಿಯುವುದಿಲ್ಲ, ಮಕ್ಕಳೂ ಆಡುವುದಿಲ್ಲ. ಫೂಸಿಯೂ ಭಾನುವಾರ ಆಟ ಮುಟ್ಟಿದವಳಲ್ಲ. ಊಟ ಮುಗಿಸಿ ಕೂತಿದ್ದಾಗ ಗಂಡನ ಫೋನು ಕೂಗಿತು. ಫೂಸಿ ಹೃದಯ ಕೇಳುತ್ತಿದ್ದಳು.

"ಕಳಿಸಿಬಿಡು," ಅಂದೆ.

ಅವನು ಫೋನನ್ನು ಬೋರಲು ಹಾಕಿದ. "ಕಾಯಿಲೇಲಿ ಪಾಪ, ವಾರ ಮರೆತಿದಾಳೆ. ದೇವರ ದಿನ ನನ್ನ ಕೈಯಿಂದ ಅಕ್ಕನಿಗೆ ಪಾಪ ಅಂಟಬಾರದು. ಬೆಳಗಾಗ್ಲಿ, ಐದೂ ಕಳಿಸ್ತೀನಿ."

ನಾವು ಸಂಜೆಯ ಪ್ರಾರ್ಥನೆಗೆ ಹೋಗಿದ್ದಾಗ ಫೂಸಿಯ ಜೀವ ಹೋಯಿತು.

ಸಾವಿನ ಮನೆಯಲ್ಲಿ ತಮ್ಮನ ಕಡೆಯವರು ಎಲ್ಲರಿಗಿಂತ ಕೆಳಗೆ. ಹರಕು ಚಾಪೆ ಮೈಗೆ ಸುತ್ತಿಕೊಂಡು ಹಿತ್ತಲಲ್ಲಿ ಅಡುಗೆ ಮಾಡಬೇಕು, ಹೆಣದ ಹತ್ತಿರ ಸುಳಿಯುವಂತಿಲ್ಲ. ಸೋಮವಾರ ಬೆಳಿಗ್ಗೆ ನಾವಿಬ್ಬರೂ ನೆಲದ ಒಲೆಯ ಮುಂದೆ ಗೆಣಸು ಸುಲಿಯುತ್ತಿದ್ದೆವು. ಫೂಸಿಯ ಮಗಳು ಸಿಯಾಲೆ ಬಂದು ನನ್ನ ಪಕ್ಕ ಕುಕ್ಕರಿಸಿದಳು.

"ಅತ್ತೆ, ಅಮ್ಮ ನಿನ್ನೆ ಆಟ ಆಡ್ಲೇ ಇಲ್ಲ. ಒಂದು ಹಣ್ಣೂ ಮುಟ್ಟಲಿಲ್ಲ. ಬರೀ ಹೃದಯ ಕೇಳಿದ್ಲು. ಅದು ಬಂದ್ರೆ ನೋಡಿ ಮಲಗ್ತೀನಿ ಅಂದ್ಲು. ಕತ್ತಲಾಗೋವರೆಗೂ ಫೋನ್ ಕೈಯಲ್ಲೇ ಇತ್ತು."

ವಿಲಿಸೋನಿಯ ಕೈಯ ಚಾಕು ನಿಂತಿತು. ಕೈಯನ್ನು ಚಾಪೆಗೆ ಒರೆಸಿಕೊಂಡು ಫೋನು ತೆಗೆದು ಒತ್ತಿದ.

ಒಳಗೆ, ಹೆಣದ ತಲೆದೆಸೆಯಲ್ಲಿ, ಹಕ್ಕಿ ಕೂಗಿತು. ಹೆಂಗಸರು ಹಾಡುವುದನ್ನು ನಿಲ್ಲಿಸಿದರು.

ನನ್ನ ಗಂಡ ಎದ್ದು ಗೋಡೆಯ ಕಡೆ ತಿರುಗಿ ನಿಂತ. ಊರವರೆಲ್ಲ ಕೇಳುವಂತೆ, ಗಟ್ಟಿಯಾಗಿ, "ಅಕ್ಕಾ, ಬಂತಾ?" ಅಂದ.